ಮಗುಚಿದರೂ ಮೇಲೇಳುವ ದೋಣಿ

2021ರ ಮೇ ತಿಂಗಳ ಮಧ್ಯಭಾಗ. ತೌತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಉತ್ತರಾಭಿಮುಖವಾಗಿ ಸಾಗುತ್ತಿದ್ದ ದಿನಗಳವು. ಮಂಗಳೂರಿನ ಕಡಲಿನಲ್ಲಿದ್ದ ‘ಕೋರಮಂಡಲ್ ಸಪೋರ್ಟರ್-9’ ಎಂಬ ಟಗ್ ನೌಕೆ ಹತೋಟಿ ತಪ್ಪಿ, ಉಡುಪಿ ಜಿಲ್ಲೆಯ ಕಾಪು ಸಮೀಪದ ಬಂಡೆಗಳ ನಡುವೆ ಸಿಕ್ಕಿಬಿದ್ದಿತು. ಅದರಲ್ಲಿದ್ದವರು 9 ಮಂದಿ. ದಡದಿಂದ ಬಹು ದೂರವಲ್ಲದ ಆ ಜಾಗದಲ್ಲಿ ಅವರು ಸುಮಾರು ಎರಡು ದಿನ ಜೀವವನ್ನು ಕೈಯಲ್ಲಿ ಹಿಡಿದು ಕಾದರು. ಕೊನೆಗೆ ಮೇ 17ರಂದು ತಟರಕ್ಷಣಾ ಪಡೆ ಹಾಗೂ ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಅಷ್ಟೂ ಮಂದಿಯನ್ನು ಪಾರುಮಾಡಿದವು. ಅದೇ ಬಿರುಗಾಳಿಗೆ ಸಿಕ್ಕಿ ಇದೇ ಕರಾವಳಿಯಲ್ಲಿ ಇನ್ನೊಂದು ಟಗ್ ಮಗುಚಿ ಪ್ರಾಣಹಾನಿಯಾಯಿತು. ಮುಂಬೈ ಆಚೆಯ ಕಡಲಿನಲ್ಲಿ 261 ಮಂದಿಯಿದ್ದ ‘ಪಿ-305’ ಎಂಬ ಬಾರ್ಜ್ ಮುಳುಗಿ 70ಕ್ಕೂ ಹೆಚ್ಚು ಜನ ಸತ್ತರು.

ಕಾಪುವಿನಲ್ಲಿ ರಕ್ಷಣೆಗೆ ಬಂದವರ ಸಾಹಸ ನಿಸ್ಸಂದೇಹವಾಗಿ ಶ್ಲಾಘನೀಯ. ಆದರೆ ಆ ಎರಡು ದಿನಗಳು ಎತ್ತಿದ ಪ್ರಶ್ನೆ ಮಾತ್ರ ಚಂಡಮಾರುತದೊಂದಿಗೆ ತಣ್ಣಗಾಗಿಬಿಟ್ಟಿತು. ಅಂಥ ಕಡಲಿನಲ್ಲಿ ದಡದಿಂದ ಹೊರಟು, ಬಂಡೆಗಳ ನಡುವೆ ನುಗ್ಗಿ, ಜನರನ್ನು ಹತ್ತಿಸಿಕೊಂಡು ಹಿಂತಿರುಗಬಲ್ಲ ದೋಣಿಯೊಂದು ನಮ್ಮ ಕರಾವಳಿಯಲ್ಲಿ ಏಕೆ ಇರಲಿಲ್ಲ? ಅಂಥ ದೋಣಿ ಎಂದರೆ ಏನು? ಅದು ಹೇಗೆ ಹುಟ್ಟುತ್ತದೆ?

‘ಲೈಫ್‌ಬೋಟ್’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಟೈಟಾನಿಕ್ ಹಡಗಿನ ಪಕ್ಕದಲ್ಲಿ ತೂಗಾಡುತ್ತಿದ್ದ ದೋಣಿಗಳು. ಅವು ಮುಳುಗುವ ಹಡಗಿನಿಂದ ತಪ್ಪಿಸಿಕೊಳ್ಳಲು ಇರುವಂಥವು. ಇಲ್ಲಿ ಹೇಳಹೊರಟಿರುವುದು ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ದೋಣಿಯ ಬಗ್ಗೆ. ಎಲ್ಲರೂ ಬಂದರಿನತ್ತ ಓಡಿ ಬರುತ್ತಿರುವಾಗ ಬಂದರಿನಿಂದ ಹೊರಗೆ ಹೋಗಬೇಕಾದ ದೋಣಿ ಅದು. ಬ್ರಿಟನ್ ಮತ್ತು ಐರ್ಲೆಂಡ್‌ಗಳ ತೀರದಲ್ಲಿ ಎರಡು ಶತಮಾನಗಳಿಗೂ ಹೆಚ್ಚು ಕಾಲ ಅದು ಬೆಳೆದು ಬಂದ ಬಗೆಯನ್ನು ಗಮನಿಸಿದರೆ ನಮ್ಮ ಕೊರತೆ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಲಜ್ಜೆಯಿಂದ ಹುಟ್ಟಿದ ದೋಣಿ

1789ರಲ್ಲಿ ಇಂಗ್ಲೆಂಡಿನ ಈಶಾನ್ಯ ತೀರದ ಟೈನ್ ನದಿಯ ಅಳಿವೆಯಲ್ಲಿ ‘ಅಡ್ವೆಂಚರ್’ ಎಂಬ ಹಡಗು ಮರಳದಿಬ್ಬಕ್ಕೆ ಬಡಿದು ಒಡೆಯಿತು. ಸೌತ್ ಶೀಲ್ಡ್ಸ್ ಪಟ್ಟಣದ ಜನ ದಡದಲ್ಲಿ ಗುಂಪುಗೂಡಿ ನೋಡುತ್ತಿದ್ದಂತೆಯೇ ನಾವಿಕರು ಒಬ್ಬೊಬ್ಬರಾಗಿ ನೀರುಪಾಲಾದರು. ಆ ಅಲೆಗಳಲ್ಲಿ ಬದುಕಬಲ್ಲ ದೋಣಿ ಯಾರ ಬಳಿಯೂ ಇರಲಿಲ್ಲ. ಈ ದೃಶ್ಯದಿಂದ ಕಲಕಿಹೋದ ಸ್ಥಳೀಯ ಗಣ್ಯರು ಜೀವರಕ್ಷಕ ದೋಣಿಯ ಉತ್ತಮ ಮಾದರಿಗೆ ಬಹುಮಾನ ಘೋಷಿಸಿದರು. ವಿಲಿಯಂ ವುಡ್‌ಹೇವ್ ಎಂಬಾತ ಮಗುಚಿದರೂ ತಾನಾಗಿಯೇ ನೆಟ್ಟಗಾಗುವ ಮಾದರಿಯೊಂದನ್ನು ಮುಂದಿಟ್ಟ. ದೋಣಿ ಕಟ್ಟುವ ಕಸುಬಿನ ಹೆನ್ರಿ ಗ್ರೇಟ್‌ಹೆಡ್ ಹಲವು ಆಲೋಚನೆಗಳನ್ನು ಕೂಡಿಸಿ, ಒಡಲಿಗೆ ಬೆಂಡು ತುಂಬಿದ, ಎರಡೂ ತುದಿ ಚೂಪಾದ ದೋಣಿಯನ್ನು ಕಟ್ಟಿದ. ‘ಒರಿಜಿನಲ್’ ಎಂಬ ಹೆಸರಿನ ಆ ದೋಣಿ 1790ರಲ್ಲಿ ನೀರಿಗಿಳಿಯಿತು. ಅದು ಸುಲಭವಾಗಿ ಮುಳುಗುತ್ತಿರಲಿಲ್ಲ. ಆದರೆ ಮಗುಚಿದರೆ ತಾನಾಗಿ ಏಳುತ್ತಲೂ ಇರಲಿಲ್ಲ. ವುಡ್‌ಹೇವ್‌ನ ಮುಖ್ಯ ಹೊಳಹು ಅರ್ಧ ಶತಮಾನಕ್ಕೂ ಮೀರಿ ಮೂಲೆಗುಂಪಾಯಿತು.

1824ರಲ್ಲಿ ವಿಲಿಯಂ ಹಿಲರಿ ಎಂಬಾತನ ಪ್ರಯತ್ನದಿಂದ ಲಂಡನ್ನಿನಲ್ಲಿ ರಾಷ್ಟ್ರಮಟ್ಟದ ಸಂಸ್ಥೆಯೊಂದು ಸ್ಥಾಪನೆಯಾಯಿತು. ಈಗ ಅದರ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಸರ್ಕಾರದ ಇಲಾಖೆಯಲ್ಲ, ಜನರ ದೇಣಿಗೆ ಹಾಗೂ ಉಯಿಲುಗಳ ಹಣದಿಂದ ನಡೆಯುವ ಧರ್ಮಾರ್ಥ ಸಂಸ್ಥೆ. 2024ರಲ್ಲಿ ಅದಕ್ಕೆ 200 ವರ್ಷ ತುಂಬಿತು. ಈ ಅವಧಿಯಲ್ಲಿ ಅದು ಉಳಿಸಿದ ಜೀವಗಳ ಸಂಖ್ಯೆ 1,40,000ಕ್ಕೂ ಅಧಿಕ. 230ಕ್ಕೂ ಹೆಚ್ಚು ದೋಣಿ ಠಾಣೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಮಂದಿ ಸ್ವಯಂಸೇವಕರು. ಮೀನುಗಾರ, ಬಡಗಿ, ಶಿಕ್ಷಕ, ಅಂಗಡಿಯವ - ಕರೆ ಬಂದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುವವರು.

ಈ ಸಾಧನೆಯ ಕಥೆ ಸಾಕಷ್ಟು ಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ ಸಂಗತಿಯೆಂದರೆ, ಈ ದೋಣಿಯ ವಿನ್ಯಾಸದ ಪ್ರತಿಯೊಂದು ಸುಧಾರಣೆಯ ಹಿಂದೆಯೂ ರಕ್ಷಿಸಲು ಹೋದವರದೇ ಸಾವುಗಳಿವೆ ಎಂಬುದು.

ಎರಡು ಒಳಿತುಗಳ ನಡುವಿನ ಜಗಳ

ಜೀವರಕ್ಷಕ ದೋಣಿಯ ವಿನ್ಯಾಸಕಾರನನ್ನು ಕಾಡಿದ ಮೂಲ ಸಮಸ್ಯೆ ಸರಳವಾಗಿ ಹೇಳಬಹುದಾದದ್ದು, ಆದರೆ ಬಿಡಿಸಲು ನೂರೈವತ್ತು ವರ್ಷ ಹಿಡಿದದ್ದು. ಅಗಲವಾದ ದೋಣಿ ಅಲೆಯ ಹೊಡೆತಕ್ಕೆ ಬೇಗ ಮಗುಚದು. ಆದರೆ ಒಮ್ಮೆ ಮಗುಚಿತೆಂದರೆ ಅದು ತಲೆಕೆಳಗಾದ ಸ್ಥಿತಿಯಲ್ಲೂ ಅಷ್ಟೇ ಗಟ್ಟಿಯಾಗಿ ನಿಂತುಬಿಡುತ್ತದೆ. ಕಿರಿದಾದ, ಎರಡೂ ತುದಿಗಳಲ್ಲಿ ಎತ್ತರದ ಗಾಳಿಪೆಟ್ಟಿಗೆಗಳಿರುವ, ತಳದಲ್ಲಿ ಕಬ್ಬಿಣದ ಭಾರವಿರುವ ದೋಣಿ ಹಾಗಲ್ಲ. ತಲೆಕೆಳಗಾದಾಗ ಆ ಎರಡು ಎತ್ತರದ ತುದಿಗಳ ಮೇಲೆ ನಿಲ್ಲಲಾರದೆ, ಮೇಲೆ ಬಂದ ಭಾರವನ್ನು ತಾಳಲಾರದೆ ಹೊರಳಿ ಮತ್ತೆ ನೆಟ್ಟಗಾಗುತ್ತದೆ. ಆದರೆ ಕಿರಿದಾಗಿರುವ ಕಾರಣಕ್ಕೆ ಅದು ಮಗುಚುವುದೂ ಬೇಗ. ಮಗುಚದಿರುವ ದೋಣಿ ಬೇಕೇ, ಮಗುಚಿದರೂ ಏಳುವ ದೋಣಿ ಬೇಕೇ? ಎರಡೂ ಬೇಕು, ಆದರೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

1849ರ ಡಿಸೆಂಬರಿನಲ್ಲಿ, ಮೊದಲ ದೋಣಿ ಹುಟ್ಟಿದ ಅದೇ ಸೌತ್ ಶೀಲ್ಡ್ಸ್‌ನಲ್ಲಿ ‘ಪ್ರಾವಿಡೆನ್ಸ್’ ಎಂಬ ಜೀವರಕ್ಷಕ ದೋಣಿ ಮಗುಚಿ 24 ಮಂದಿಯಲ್ಲಿ 20 ಮಂದಿ ಮುಳುಗಿದರು. ನಾರ್ತಂಬರ್ಲೆಂಡ್‌ನ ಡ್ಯೂಕ್ ಹೊಸ ವಿನ್ಯಾಸಕ್ಕೆ 100 ಗಿನಿಗಳ ಬಹುಮಾನ ಘೋಷಿಸಿದಾಗ ಬಂದ ನಮೂನೆಗಳು 280. ಗೆದ್ದವನು ಗ್ರೇಟ್ ಯಾರ್ಮತ್ತಿನ ಜೇಮ್ಸ್ ಬೀಚಿಂಗ್. ಆತನ ದೋಣಿ ತಾನಾಗಿ ನೆಟ್ಟಗಾಗುವಂಥದು. ಅದನ್ನು ಜೇಮ್ಸ್ ಪೀಕ್ ಎಂಬಾತ ಪರಿಷ್ಕರಿಸಿದ ರೂಪವೇ ಮುಂದಿನ ದಶಕಗಳಲ್ಲಿ ಬ್ರಿಟನ್ನಿನ ಮಾನಕ ದೋಣಿಯಾಯಿತು.

ದೋಣಿಯಷ್ಟೇ ಅಲ್ಲ, ದೋಣಿಯೊಳಗಿನ ಮನುಷ್ಯನ ಮೈಮೇಲೆ ಏನಿದೆ ಎಂಬುದೂ ಮುಖ್ಯ ಎಂಬುದನ್ನು 1861ರ ಫೆಬ್ರುವರಿಯ ದುರಂತ ಕಲಿಸಿತು. ವಿಟ್‌ಬಿ ಎಂಬಲ್ಲಿ ಬಿರುಗಾಳಿಯ ಒಂದೇ ದಿನ ಹಲವು ಬಾರಿ ಕಡಲಿಗಿಳಿದ ದೋಣಿ ಕಡೆಗೆ ಮಗುಚಿತು. 13 ಮಂದಿಯಲ್ಲಿ ಬದುಕಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಬೆಂಡಿನ ಅಂಗಿಯನ್ನು ತೊಟ್ಟಿದ್ದವನೂ ಆತನೊಬ್ಬನೇ. ಅದನ್ನು ಕ್ಯಾಪ್ಟನ್ ವಾರ್ಡ್ ಎಂಬಾತ 1854ರಲ್ಲೇ ರೂಪಿಸಿದ್ದ. ವಸ್ತು ಇದ್ದರೆ ಸಾಲದು, ಅದು ಎಲ್ಲರ ಮೈಮೇಲೆ ಇರಬೇಕು ಎಂಬ ತಿಳಿವಿಗೆ 12 ಜೀವಗಳ ಬೆಲೆ ತೆರಬೇಕಾಯಿತು.

1886ರ ಡಿಸೆಂಬರಿನಲ್ಲಿ ‘ಮೆಕ್ಸಿಕೊ’ ಎಂಬ ಜರ್ಮನ್ ಹಾಯಿಹಡಗು ಲ್ಯಾಂಕಾಷೈರ್ ತೀರದಲ್ಲಿ ಅಪಾಯಕ್ಕೆ ಸಿಕ್ಕಿತು. ಅದರ ನೆರವಿಗೆ ಮೂರು ಊರುಗಳಿಂದ ಮೂರು ದೋಣಿಗಳು ಹೊರಟವು. ಸೇಂಟ್ ಆ್ಯನ್ಸ್‌ನ ದೋಣಿಯಲ್ಲಿದ್ದ 13 ಮಂದಿಯೂ ಸತ್ತರು. ಸೌತ್‌ಪೋರ್ಟ್‌ನ ದೋಣಿಯಲ್ಲಿದ್ದ 16 ಮಂದಿಯಲ್ಲಿ 14 ಮಂದಿ ಸತ್ತರು. ಲಿಥಮ್‌ನಿಂದ ಹೊರಟ ಮೂರನೆಯ ದೋಣಿ ಹಡಗಿನ 12 ಮಂದಿಯನ್ನೂ ಉಳಿಸಿತು. ತಾನಾಗಿ ಏಳಬೇಕಿದ್ದ ಸೌತ್‌ಪೋರ್ಟ್‌ನ ದೋಣಿ ಮಗುಚಿದ ಮೇಲೆ ಏಳಲೇ ಇಲ್ಲ. 27 ರಕ್ಷಕರನ್ನು ಕಳೆದುಕೊಂಡ ಆ ರಾತ್ರಿಯ ಬಳಿಕ ಸಂಸ್ಥೆಯು ಜಾರ್ಜ್ ಲೆನಾಕ್ಸ್ ವಾಟ್ಸನ್ ಎಂಬ ನೌಕಾ ವಿನ್ಯಾಸಕಾರನನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಆತನ ದೋಣಿಗಳು ಅಗಲ, ಗಟ್ಟಿ, ಅಲೆಗೆ ಜಗ್ಗದಂಥವು. ಆದರೆ ಮಗುಚಿದರೆ ಏಳದಂಥವು. ಅವು ಸುಲಭವಾಗಿ ಮಗುಚುವುದಿಲ್ಲವೆಂಬ ಭರವಸೆಯೇ ಅವುಗಳ ರಕ್ಷೆಯಾಗಿತ್ತು. ಅನೇಕ ಠಾಣೆಗಳ ಸಿಬ್ಬಂದಿ ಈ ದೋಣಿಗಳನ್ನೇ ಮೆಚ್ಚಿದರು. ಎಂಜಿನ್ ಬಂದ ಮೇಲೂ ವಾಟ್ಸನ್ ಹೆಸರಿನ ದೋಣಿಗಳೇ ದಶಕಗಳ ಕಾಲ ಮೇಲುಗೈ ಪಡೆದವು.

ಆ ಭರವಸೆ ಕುಸಿದದ್ದು 1969ರ ಮಾರ್ಚ್ 17ರ ರಾತ್ರಿ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್‌ನಿ ದ್ವೀಪಗಳ ಲಾಂಗ್‌ಹೋಪ್ ಠಾಣೆಯಿಂದ ವಾಟ್ಸನ್ ಮಾದರಿಯ ದೋಣಿಯೊಂದು ‘ಐರೀನ್’ ಎಂಬ ಹಡಗಿನ ನೆರವಿಗೆ ಹೊರಟಿತು. ಮರುದಿನ ಅದು ತಲೆಕೆಳಗಾಗಿ ತೇಲುತ್ತಿರುವುದು ಕಂಡಿತು. ದೋಣಿ ಮುಳುಗಿರಲಿಲ್ಲ, ಒಡೆದಿರಲಿಲ್ಲ; ತಲೆಕೆಳಗಾದ ಸ್ಥಿತಿಯಲ್ಲಿ ಸ್ಥಿರವಾಗಿ ನಿಂತಿತ್ತು, ಅಷ್ಟೆ. ಅದರಲ್ಲಿದ್ದ 8 ಮಂದಿಯೂ ಸತ್ತಿದ್ದರು. ಅವರಲ್ಲಿ ದೋಣಿಯ ನಾಯಕ ಮತ್ತು ಅವನ ಇಬ್ಬರು ಗಂಡುಮಕ್ಕಳು, ಮೆಕ್ಯಾನಿಕ್ ಮತ್ತು ಅವನ ಇಬ್ಬರು ಗಂಡುಮಕ್ಕಳು ಇದ್ದರು. ಒಂದೇ ರಾತ್ರಿಗೆ ಎರಡು ಮನೆಗಳಿಂದ ಮೂವರು ಮೂವರು. ಅತ್ತ ‘ಐರೀನ್’ ಹಡಗಿನ 17 ಮಂದಿಯನ್ನು ದಡದಿಂದಲೇ ಹಗ್ಗ ಕಟ್ಟಿ ಸುರಕ್ಷಿತವಾಗಿ ಇಳಿಸಿಕೊಳ್ಳಲಾಗಿತ್ತು. ಸುಮಾರು ಹತ್ತು ತಿಂಗಳ ಬಳಿಕ, ಅಂದರೆ 1970ರ ಜನವರಿ 21ರಂದು, ಫ್ರೇಸರ್‌ಬರ್ಗ್‌ನ ದೋಣಿಯೂ ಮಗುಚಿ 6 ಮಂದಿಯಲ್ಲಿ 5 ಮಂದಿ ಸತ್ತರು. ಅದೂ ವಾಟ್ಸನ್ ಮಾದರಿಯದೇ.

ಸಾವನ್ನು ವಿನ್ಯಾಸವಾಗಿ ಬರೆದವರು

ಈ ಘಟ್ಟದಲ್ಲಿ ಸಂಸ್ಥೆ ತೆಗೆದುಕೊಂಡ ತೀರ್ಮಾನ ಗಮನಾರ್ಹ. ಸಮುದ್ರವನ್ನು ದೂರಿ, ಮೃತರನ್ನು ವೀರರೆಂದು ಹೊಗಳಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, 1980ರ ಹೊತ್ತಿಗೆ ತನ್ನ ದೊಡ್ಡ ದೋಣಿಗಳೆಲ್ಲವೂ ತಾನಾಗಿ ನೆಟ್ಟಗಾಗುವ ಗುಣವುಳ್ಳವಾಗಿರಬೇಕೆಂದು ಅದು ಗುರಿಯಿಟ್ಟಿತು. ಇದಕ್ಕೆ ಎರಡು ದಾರಿಗಳನ್ನು ಹಿಡಿಯಿತು. ಹಳೆಯ ದೋಣಿಗಳ ಮೇಲೆ, ಮಗುಚಿದೊಡನೆ ಗಾಳಿ ತುಂಬಿಕೊಂಡು ದೋಣಿಯನ್ನು ಹೊರಳಿಸುವ ಚೀಲಗಳನ್ನು ಜೋಡಿಸಿತು. ಹೊಸ ದೋಣಿಗಳಲ್ಲಿ ಎಂಜಿನ್ನಿನ ಭಾರವನ್ನು ತಳದಲ್ಲಿಟ್ಟು, ಮೇಲಿನ ಕೋಣೆಯನ್ನು ನೀರು ನುಗ್ಗದಂತೆ ಬಿಗಿಯಾಗಿ ಮುಚ್ಚಿತು. ತಲೆಕೆಳಗಾದಾಗ ಆ ಕೋಣೆಯೇ ಗಾಳಿ ತುಂಬಿದ ಬುರುಡೆಯಂತೆ ನೀರಿನಡಿಯಿಂದ ದೋಣಿಯನ್ನು ಮೇಲಕ್ಕೆ ತಳ್ಳುತ್ತದೆ. ಒಡಲು ಅಗಲವಾಗಿಯೇ ಇರಬಹುದು. ಏಳುವ ಗುಣ ಮೇಲಿನ ಕೋಣೆಯಿಂದ ಬರುತ್ತದೆ. ನೂರೈವತ್ತು ವರ್ಷಗಳ ಜಗಳ ಹೀಗೆ ಬಗೆಹರಿಯಿತು. ಇದಕ್ಕೆ ಬೇಕಾದ ಪಾಠವನ್ನು ಪರದೇಶದಿಂದ ಕಲಿಯಲು ಆ ಸಂಸ್ಥೆ ಹಿಂಜರಿಯಲಿಲ್ಲ. ಅಮೆರಿಕದ ತಟರಕ್ಷಣಾ ಪಡೆಯ 44 ಅಡಿಯ ದೋಣಿಯೊಂದನ್ನು 1964ರಲ್ಲೇ ತರಿಸಿ ಪರೀಕ್ಷಿಸಿ, ಅದರ ಆಧಾರದ ಮೇಲೆ ‘ವೇವ್‌ನಿ’ ವರ್ಗದ ದೋಣಿಗಳನ್ನು ಕಟ್ಟಿತ್ತು. 1971ರಲ್ಲಿ ‘ಆರುನ್’ ವರ್ಗದ ಮೊದಲ ದೋಣಿ ಬಂತು.

ಈ ತೀರ್ಮಾನ ಸರಿಯೇ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1979ರ ನವೆಂಬರಿನ ಒಂದು ರಾತ್ರಿ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಡೆನ್ಮಾರ್ಕಿನ ಹಡಗೊಂದರ ನೆರವಿಗೆ ಬಾರಾ ಮತ್ತು ಐಲಾ ದ್ವೀಪಗಳಿಂದ ಹೊರಟ ಎರಡು ದೋಣಿಗಳೂ ಮಗುಚಿದವು. ಎರಡೂ ಮತ್ತೆ ನೆಟ್ಟಗಾದವು. ಇಬ್ಬರ ಸಿಬ್ಬಂದಿಯಲ್ಲೂ ಒಬ್ಬನೂ ಸಾಯಲಿಲ್ಲ. ಬಾರಾದ ದೋಣಿ ಗಾಳಿಚೀಲ ಜೋಡಿಸಿದ ಹಳೆಯ ದೋಣಿಯಾಗಿತ್ತು. ಹತ್ತು ವರ್ಷದ ಹಿಂದೆ ಇದೇ ಘಟನೆ ನಡೆದಿದ್ದರೆ ಎರಡು ದ್ವೀಪಗಳಲ್ಲಿ ಶೋಕಾಚರಣೆ ನಡೆಯುತ್ತಿತ್ತು. ನಡೆಯದೆ ಹೋದ ಶವಸಂಸ್ಕಾರಗಳು ಸುದ್ದಿಯಾಗುವುದಿಲ್ಲವಾದ್ದರಿಂದ ಈ ರಾತ್ರಿಯನ್ನು ನೆನೆಯುವವರು ಕಡಿಮೆ.

ಹಾಗೆಂದು ವಿನ್ಯಾಸವೊಂದೇ ಕಡಲನ್ನು ಗೆಲ್ಲುತ್ತದೆಂದು ತಿಳಿಯಬಾರದು. 1981ರ ಡಿಸೆಂಬರ್ 19ರಂದು ಕಾರ್ನ್‌ವಾಲ್ ತೀರದ ಪೆನ್ಲಿ ಠಾಣೆಯ ‘ಸಾಲೊಮನ್ ಬ್ರೌನ್’ ಎಂಬ ಮರದ ದೋಣಿ, ಎಂಜಿನ್ ಕೆಟ್ಟು ಬಂಡೆಗಳತ್ತ ತೇಲಿ ಹೋಗುತ್ತಿದ್ದ ‘ಯೂನಿಯನ್ ಸ್ಟಾರ್’ ಹಡಗಿನ ಬಳಿಗೆ ಹೋಯಿತು. ನೌಕಾಪಡೆಯ ಹೆಲಿಕಾಪ್ಟರ್ ಅದಕ್ಕೂ ಮುನ್ನ ತಲುಪಿತ್ತು. ಆದರೆ ಹೊಯ್ದಾಡುತ್ತಿದ್ದ ಹಡಗಿನ ಕಂಬದಿಂದಾಗಿ ಯಾರನ್ನೂ ಎತ್ತಲಾಗಲಿಲ್ಲ. ದೋಣಿಯ 8 ಮಂದಿ ಮತ್ತೆ ಮತ್ತೆ ಹಡಗಿನ ಪಕ್ಕಕ್ಕೆ ಹೋಗಿ ನಾಲ್ವರನ್ನು ಹತ್ತಿಸಿಕೊಂಡರು; ಉಳಿದವರಿಗಾಗಿ ಮತ್ತೆ ತಿರುಗಿದರು. ಆ ಬಳಿಕ ಸಂಪರ್ಕ ಕಡಿಯಿತು. ಹಡಗಿನ 8 ಮಂದಿ, ದೋಣಿಯ 8 ಮಂದಿ - 16 ಜೀವಗಳೂ ಹೋದವು. ಎಲ್ಲವನ್ನೂ ಹೆಲಿಕಾಪ್ಟರ್ ನೋಡಿಕೊಳ್ಳುತ್ತದೆ ಎನ್ನುವವರು ಈ ರಾತ್ರಿಯನ್ನು ಮರೆಯಬಾರದು.

ದೋಣಿ ಎದ್ದರೂ ಮನುಷ್ಯ ಉಳಿಯದೆ ಹೋಗಬಹುದು. 1967ರ ಫೆಬ್ರುವರಿಯಲ್ಲಿ ಜರ್ಮನಿಯ ಹೆಲ್ಗೊಲ್ಯಾಂಡ್ ಬಳಿ ‘ಅಡಾಲ್ಫ್ ಬೆರ್ಮ್‌ಪೋಲ್’ ಎಂಬ ಜೀವರಕ್ಷಕ ನೌಕೆ ಬಹುತೇಕ ಸುಸ್ಥಿತಿಯಲ್ಲೇ ತೇಲುತ್ತಿರುವುದು ಕಂಡಿತು. ಆದರೆ ಅದರ 4 ಮಂದಿ ಸಿಬ್ಬಂದಿ ಮತ್ತು ಅವರು ಕಾಪಾಡಿದ್ದ ಡಚ್ ಮೀನುಗಾರರು ಸತ್ತಿದ್ದರು. ಹಾಗಾಗಿ ಈಚಿನ ವಿನ್ಯಾಸಗಳ ಗಮನವೆಲ್ಲ ದೋಣಿಯೊಳಗಿನ ಮನುಷ್ಯನತ್ತ ತಿರುಗಿದೆ. 2005ರ ಬಳಿಕ ಸೇವೆಗೆ ಬಂದ ‘ಟಮಾರ್’ ವರ್ಗದ ದೋಣಿಯಲ್ಲಿ ಸಿಬ್ಬಂದಿ ಆಘಾತವನ್ನು ಹೀರಿಕೊಳ್ಳುವ ಆಸನಗಳಲ್ಲಿ ಬೆಲ್ಟು ಬಿಗಿದು ಕೂರುತ್ತಾರೆ. ಎದ್ದು ಓಡಾಡದೆ ಕುಳಿತಲ್ಲಿಂದಲೇ ನಕ್ಷೆ, ರೇಡಾರ್, ಎಂಜಿನ್ನುಗಳನ್ನು ನೋಡಿಕೊಳ್ಳುತ್ತಾರೆ. ಕಳೆದ ದಶಕದಲ್ಲಿ ಬಂದ ‘ಶಾನನ್’ ವರ್ಗದ ದೋಣಿ 13.6 ಮೀಟರ್ ಉದ್ದದ್ದು. ಗಂಟೆಗೆ 25 ನಾಟಿಕಲ್ ಮೈಲಿ, ಅಂದರೆ ಸುಮಾರು 46 ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲದು. ಅದಕ್ಕೆ ನೀರಿನಡಿ ತಿರುಗುವ ಪಂಖವಿಲ್ಲ. ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿ ಮುನ್ನುಗ್ಗುತ್ತದೆ. ಆದ್ದರಿಂದಲೇ ಆಳವಿಲ್ಲದ ನೀರಿನಲ್ಲೂ ಸಾಗಬಲ್ಲದು, ಮರಳದಂಡೆಯ ಮೇಲೆ ನೇರವಾಗಿ ಏರಬಲ್ಲದು. ಇಂಥ ದೋಣಿಯನ್ನು ಸೇವೆಗೆ ಬಿಡುವ ಮುನ್ನ ಕ್ರೇನಿನಿಂದ ಬೇಕೆಂದೇ ತಲೆಕೆಳಗು ಮಾಡಿ, ಕೆಲವೇ ಸೆಕೆಂಡುಗಳಲ್ಲಿ ಏಳುವುದೋ ಇಲ್ಲವೋ ಎಂದು ನೋಡುತ್ತಾರೆ.

ದೊಡ್ಡ ದೋಣಿಗಳ ಈ ಕಥೆಯ ಪಕ್ಕದಲ್ಲೇ ಒಂದು ಸಣ್ಣ ದೋಣಿಯ ಕಥೆಯೂ ಇದೆ. ನಮಗೆ ಹೆಚ್ಚು ಪ್ರಸ್ತುತವಾದದ್ದು ಬಹುಶಃ ಅದೇ. 1960ರ ದಶಕದಲ್ಲಿ ವೇಲ್ಸ್‌ನ ಅಟ್ಲಾಂಟಿಕ್ ಕಾಲೇಜಿನಲ್ಲಿ ಡೆಸ್ಮಂಡ್ ಹೋರ್ ಎಂಬ ನಿವೃತ್ತ ನೌಕಾಧಿಕಾರಿ ತನ್ನ ವಿದ್ಯಾರ್ಥಿಗಳೊಂದಿಗೆ ಸೇರಿ, ಗಟ್ಟಿಯಾದ ತಳಕ್ಕೆ ಗಾಳಿ ತುಂಬಿದ ರಬ್ಬರ್ ಕೊಳವೆಗಳನ್ನು ಜೋಡಿಸಿದ ದೋಣಿಯನ್ನು ರೂಪಿಸಿದ. ಅದರ ಹಕ್ಕನ್ನು ಆತ ಜೀವರಕ್ಷಕ ಸಂಸ್ಥೆಗೆ ಕೇವಲ ಒಂದು ಪೌಂಡಿಗೆ ಕೊಟ್ಟ. ಅದರಿಂದ ಬಂದ ‘ಅಟ್ಲಾಂಟಿಕ್-21’ ಎಂಬ ದೋಣಿಯನ್ನು ಮೂರು ಮಂದಿ ನಡೆಸಬಹುದಿತ್ತು. ಮಗುಚಿದರೆ ಹಿಂಬದಿಯ ಕಂಬಿಯ ಮೇಲಿನ ಚೀಲಕ್ಕೆ ಗಾಳಿ ತುಂಬಿಸಿ ಮತ್ತೆ ನೆಟ್ಟಗೆ ಮಾಡಬಹುದಿತ್ತು. ದಡದ ಸಮೀಪದ ಒಡೆಯುವ ಅಲೆಗಳಿಗೆಂದೇ ಹೇಳಿ ಮಾಡಿಸಿದ ದೋಣಿ ಅದು.

ನಮ್ಮ ಅಳಿವೆಗಳ ಸ್ಥಿತಿ

ಈಗ ನಮ್ಮ ತೀರಕ್ಕೆ ಬರೋಣ. ಕರ್ನಾಟಕದ ಕರಾವಳಿ 320 ಕಿಲೋಮೀಟರಿಗೂ ಮಿಕ್ಕದ್ದು. ನದಿಗಳು ಕಡಲು ಸೇರುವ ಅಳಿವೆ ಬಾಗಿಲುಗಳಲ್ಲಿ ಹೂಳು ತುಂಬಿ ಮರಳದಿಬ್ಬಗಳು ಏಳುತ್ತವೆ. ಮಳೆಗಾಲದಲ್ಲಿ ಹೊಳೆಯ ಸೆಳೆತ ಹಾಗೂ ಕಡಲಿನ ಅಲೆ ಎದುರುಬದುರಾಗಿ ಡಿಕ್ಕಿ ಹೊಡೆಯುವುದೂ ಅಲ್ಲೇ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದರೂ ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ಕಡಲು ಅತ್ಯಂತ ಕೆರಳಿರುವ ದಿನಗಳಲ್ಲಿ ಅತ್ಯಂತ ಸಣ್ಣ ದೋಣಿಗಳು ಅಳಿವೆ ದಾಟುತ್ತವೆ. ಮಗುಚಿದ ಸುದ್ದಿ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಆಗ ಮೊದಲು ಧಾವಿಸುವವರು ಯಾರು? ಪಕ್ಕದ ದೋಣಿಯ ಮೀನುಗಾರರು. ಅವರ ಧೈರ್ಯಕ್ಕೆ ಕೊರತೆಯಿಲ್ಲ, ಕಡಲಿನ ತಿಳಿವಿಗೆ ಕೊರತೆಯಿಲ್ಲ. ಆದರೆ ಅವರು ಹೋಗುವುದು ಈಗಷ್ಟೇ ಮಗುಚಿದ ದೋಣಿಯಂಥದೇ ಇನ್ನೊಂದು ದೋಣಿಯಲ್ಲಿ. 1789ರಲ್ಲಿ ಟೈನ್ ಅಳಿವೆಯ ಸ್ಥಿತಿಯೂ ಇದೇ ಆಗಿತ್ತು.

ಸರ್ಕಾರಿ ವ್ಯವಸ್ಥೆ ಇಲ್ಲವೆಂದಲ್ಲ. ಸಮುದ್ರದಲ್ಲಿ ಶೋಧ ಮತ್ತು ರಕ್ಷಣೆಯ ರಾಷ್ಟ್ರೀಯ ಹೊಣೆ ತಟರಕ್ಷಣಾ ಪಡೆಯದು. ಅದರ ಪಾಲಿಗೆ ಬಂದಿರುವ ಕಡಲಿನ ವಿಸ್ತಾರ ಸುಮಾರು 46 ಲಕ್ಷ ಚದರ ಕಿಲೋಮೀಟರ್. ಆಳ ಸಮುದ್ರಕ್ಕೆಂದು ಕಟ್ಟಿದ ಅದರ ದೊಡ್ಡ ನೌಕೆಗಳು ಅಳಿವೆಯ ಮರಳದಿಬ್ಬದ ಮೇಲೆ, ಬಂಡೆಗಳ ನಡುವೆ ಬರಲಾರವು. ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಗೆ 9 ಠಾಣೆಗಳೂ ವೇಗದ ದೋಣಿಗಳೂ ಇವೆ. ಆದರೆ ಹೆಸರೇ ಹೇಳುವಂತೆ ಅವು ಕಾವಲಿಗಾಗಿ ಬಂದವು. ಒಳನುಸುಳುವವರನ್ನು ಬೆನ್ನಟ್ಟಲು ಕಟ್ಟಿದ ದೋಣಿಯನ್ನು ಮುಂಗಾರಿನ ಅಲೆಗಳಲ್ಲಿ ಜೀವರಕ್ಷಣೆಗೆ ಕಳಿಸುವುದು ಸಿಬ್ಬಂದಿಗೆ ಮಾಡುವ ಅನ್ಯಾಯ.

2017ರ ಓಖಿ ಚಂಡಮಾರುತದಲ್ಲಿ ನೂರಾರು ಮೀನುಗಾರರು ಸತ್ತ ಅಥವಾ ಕಣ್ಮರೆಯಾದ ಮೇಲೆ ಕೇರಳ ಎಚ್ಚೆತ್ತಿತು. ಕೊಚ್ಚಿಯ ಹಡಗುಕಟ್ಟೆಯಲ್ಲಿ ಕಟ್ಟಿಸಿದ ‘ಪ್ರತೀಕ್ಷಾ’, ‘ಪ್ರತ್ಯಾಶಾ’, ‘ಕಾರುಣ್ಯ’ ಎಂಬ ಮೂರು ಸಮುದ್ರ ಆಂಬುಲೆನ್ಸ್‌ಗಳನ್ನು 2020ರಲ್ಲಿ ಸೇವೆಗಿಳಿಸಿತು. ಇದು ಮೆಚ್ಚಬೇಕಾದ ಹೆಜ್ಜೆ. ಕರ್ನಾಟಕವೂ 2024-25ರ ಬಜೆಟ್ಟಿನಲ್ಲಿ ಸಮುದ್ರ ಆಂಬುಲೆನ್ಸ್ ಒದಗಿಸುವ ಮಾತಾಡಿತು. ಆದರೆ ಹೆಸರಿನಲ್ಲೇ ಒಂದು ಗೊಂದಲ ಅಡಗಿದೆ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವ ದೋಣಿ ಬೇರೆ, ಅಲೆಗಳ ನಡುವೆ ಮುಳುಗುತ್ತಿರುವವನನ್ನು ಎತ್ತುವ ದೋಣಿ ಬೇರೆ. ಕೇರಳದ ನೌಕೆಗಳ ಗರಿಷ್ಠ ವೇಗ ಗಂಟೆಗೆ ಸುಮಾರು 14 ನಾಟಿಕಲ್ ಮೈಲಿ. ಒಳಗೆ ಹಾಸಿಗೆ, ಆಮ್ಲಜನಕ, ದಾದಿ ಇರುವುದು ಮುಖ್ಯವೇ. ಆದರೆ ದೋಣಿ ಮಗುಚಿದರೆ ಏಳುತ್ತದೆಯೇ, ಎಷ್ಟು ನೀರಿನಲ್ಲಿ ಸಾಗುತ್ತದೆ, ಒಡೆಯುವ ಅಲೆಯನ್ನು ತಾಳುತ್ತದೆಯೇ ಎಂಬ ಪ್ರಶ್ನೆಗಳನ್ನು ಟೆಂಡರ್ ಕರೆಯುವ ಮುನ್ನವೇ ಕೇಳಬೇಕು. ಕೇಳದಿದ್ದರೆ ನಾವು ಆಂಬುಲೆನ್ಸನ್ನೇ ಪಡೆಯುತ್ತೇವೆ, ಜೀವರಕ್ಷಕ ದೋಣಿಯನ್ನಲ್ಲ.

ದೋಣಿಯಷ್ಟೇ ಮುಖ್ಯವಾದದ್ದು ಸುದ್ದಿ. 1928ರ ನವೆಂಬರಿನಲ್ಲಿ ಇಂಗ್ಲೆಂಡಿನ ರೈ ಹಾರ್ಬರ್‌ನ ಜೀವರಕ್ಷಕ ದೋಣಿ ಹಡಗೊಂದರ ನೆರವಿಗೆ ಹೊರಟ ಕೆಲವೇ ನಿಮಿಷಗಳಲ್ಲಿ, ಆ ಹಡಗಿನವರು ಆಗಲೇ ಪಾರಾಗಿದ್ದಾರೆಂಬ ಸುದ್ದಿ ಬಂತು. ಹಿಂದಿರುಗಿರೆಂದು ದಡದಿಂದ ಹಾರಿಸಿದ ಬೆಳಕಿನ ಬಾಣಗಳು ದೋಣಿಯವರಿಗೆ ಕಾಣಲೇ ಇಲ್ಲ. ಹಿಂತಿರುಗುವಾಗ ದೋಣಿ ಮಗುಚಿ 17 ಮಂದಿ ಸತ್ತರು. ಒಂದು ಸಣ್ಣ ಊರಿನ ಗಂಡಸರಲ್ಲಿ ದೊಡ್ಡ ಪಾಲೇ ಹೋಯಿತು. ನಮ್ಮ ‘ಸುವರ್ಣ ತ್ರಿಭುಜ’ ಬೋಟನ್ನು ನೆನೆಯಿರಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ 7 ಮಂದಿಯೊಂದಿಗೆ ಹೊರಟ ಅದು ಸಂಪರ್ಕ ಕಡಿದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಆಚೆಯ ಸಮುದ್ರದ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಎಲ್ಲಿದ್ದಾರೆಂದು ತಿಳಿಯದವರ ಬಳಿಗೆ ಎಂಥ ಶ್ರೇಷ್ಠ ದೋಣಿಯೂ ಹೋಗಲಾರದು. ಉಪಗ್ರಹದ ಮೂಲಕ ಅಪಾಯದ ಸಂದೇಶ ಕಳಿಸುವ ಸಾಧನವನ್ನು ಇಸ್ರೋ ರೂಪಿಸಿದೆ. ಅದು ಪ್ರತಿ ಬೋಟಿನಲ್ಲೂ ಸುಸ್ಥಿತಿಯಲ್ಲಿ ಇರಬೇಕಾದದ್ದು ರಕ್ಷಣಾ ವ್ಯವಸ್ಥೆಯ ಮೊದಲ ಅಂಗ.

ಇದಕ್ಕೆಲ್ಲ ಹಣವೆಲ್ಲಿ, ಅದು ಶ್ರೀಮಂತ ದೇಶದ ಸಂಸ್ಥೆ ಎಂಬ ಆಕ್ಷೇಪ ಸಹಜ. ‘ಶಾನನ್’ನಂಥ ದೋಣಿಯನ್ನು ಪ್ರತಿ ಬಂದರಿನಲ್ಲಿ ನಿಲ್ಲಿಸುವುದು ನಮ್ಮಿಂದಾಗದು, ಆಗಬೇಕಾಗಿಯೂ ಇಲ್ಲ. ಅಲ್ಲಿಯ ನೀರು ಕೊರೆಯುವಷ್ಟು ತಣ್ಣಗೆ. ನಿಮಿಷಗಳಲ್ಲಿ ಮನುಷ್ಯನ ಶಕ್ತಿ ಉಡುಗುತ್ತದೆ. ನಮ್ಮ ಬೆಚ್ಚಗಿನ ಕಡಲಿನಲ್ಲಿ ಲೈಫ್ ಜಾಕೆಟ್ ತೊಟ್ಟವನು ಗಂಟೆಗಟ್ಟಲೆ ಬದುಕಬಲ್ಲ. ನಮ್ಮ ಅಗತ್ಯ ಬೇರೆ, ಆದ್ದರಿಂದ ವಿನ್ಯಾಸವೂ ಬೇರೆಯಾಗಬೇಕು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳಂಥ ಕಡೆ ಗಟ್ಟಿ ತಳದ, ಗಾಳಿಕೊಳವೆಯ, ಮಗುಚಿದರೆ ಎಬ್ಬಿಸಬಹುದಾದ ಸಣ್ಣ ದೋಣಿಗಳು ಸಾಕು. ಅವುಗಳಿಗೆ ಆಯಾ ಅಳಿವೆಯನ್ನು ಅಂಗೈಯಂತೆ ಬಲ್ಲ ಸ್ಥಳೀಯ ಮೀನುಗಾರ ಯುವಕರನ್ನು ಆರಿಸಿ, ತರಬೇತಿ, ಗೌರವಧನ, ವಿಮೆ ಕೊಟ್ಟು, ತಟರಕ್ಷಣಾ ಪಡೆಯ ಸಂಪರ್ಕ ಜಾಲಕ್ಕೆ ಸೇರಿಸಬೇಕು. ಅನುಭವಿ ತಂಡೇಲರ ಮಾತನ್ನು ದೋಣಿಯ ನಕ್ಷೆ ಬರೆಯುವ ಮುನ್ನ ಕೇಳಬೇಕು, ಉದ್ಘಾಟನೆಯ ದಿನವಲ್ಲ.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸಕ್ಕೆ ಹೆಚ್ಚು ಹಣ ಬೇಡ. ನಮ್ಮಲ್ಲಿ ದೋಣಿ ಮಗುಚಿ ಜನ ಸತ್ತರೆ ಸಾಮಾನ್ಯವಾಗಿ ಠಾಣೆಯಲ್ಲಿ ಒಂದು ಪ್ರಕರಣ, ಮನೆಯವರಿಗೆ ಪರಿಹಾರದ ಚೆಕ್, ಮಂತ್ರಿಗಳ ಸಾಂತ್ವನ - ಅಲ್ಲಿಗೆ ಮುಗಿಯಿತು. ದೋಣಿ ಯಾವ ಅಲೆಗೆ, ಯಾವ ಕೋನದಲ್ಲಿ, ಎಷ್ಟು ಭಾರದೊಂದಿಗೆ ಮಗುಚಿತು, ಜಾಕೆಟ್ ಎಲ್ಲಿತ್ತು, ಸುದ್ದಿ ಎಷ್ಟು ಹೊತ್ತಿಗೆ ತಲುಪಿತು, ನೆರವಿಗೆ ಹೋದವರಿಗೆ ಏನು ಅಡ್ಡಿಯಾಯಿತು ಎಂಬುದನ್ನು ಬರೆದು, ಪ್ರಕಟಿಸಿ, ಮುಂದಿನ ದೋಣಿಗೆ ಅಳವಡಿಸುವ ಪರಿಪಾಠ ಬೆಳೆಯಲಿಲ್ಲ. ಬ್ರಿಟನ್ನಿನವರು ನಮಗಿಂತ ಧೈರ್ಯವಂತರಲ್ಲ, ಅವರ ಕಡಲು ನಮ್ಮದಕ್ಕಿಂತ ಸೌಮ್ಯವೂ ಅಲ್ಲ. ಸೌತ್ ಶೀಲ್ಡ್ಸ್, ವಿಟ್‌ಬಿ, ಲಾಂಗ್‌ಹೋಪ್‌ಗಳ ಸಾವುಗಳನ್ನು ಅವರು ಲೆಕ್ಕವಿಟ್ಟು ಕಲಿತರು. ಕಲಿಯಲು ತಡಮಾಡಿದಾಗಲೆಲ್ಲ ಮತ್ತಷ್ಟು ಜನರನ್ನು ಕಳೆದುಕೊಂಡರು.

ಮುಂದಿನ ಜೂನ್ ತಿಂಗಳಿಗೆ ಮುನ್ನ ಒಂದೇ ಒಂದು ಅಳಿವೆಯಲ್ಲಾದರೂ ಇಂಥ ಒಂದು ದೋಣಿಯನ್ನು ನಿಲ್ಲಿಸಿ, ಒಂದು ಮಳೆಗಾಲವಿಡೀ ಪ್ರಯೋಗಿಸಿ, ಅದರ ಗುಣದೋಷಗಳನ್ನು ಮೀನುಗಾರರ ಮುಂದಿಡುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ. ಮೊದಲ ದೋಣಿ ಪರಿಪೂರ್ಣವಾಗಿರಬೇಕಿಲ್ಲ. ‘ಒರಿಜಿನಲ್’ ಕೂಡ ಆಗಿರಲಿಲ್ಲ. ನೆರೆಯವನನ್ನು ಉಳಿಸಲು ಹೋದ ಮೀನುಗಾರ ಮನೆಗೆ ಮರಳಿ ಬರಬೇಕು. ಈ ಒಂದು ನಿಬಂಧನೆಯಿಂದ ನಕ್ಷೆ ಆರಂಭವಾದರೆ ಉಳಿದದ್ದನ್ನು ಎಂಜಿನಿಯರುಗಳು ನೋಡಿಕೊಳ್ಳಬಲ್ಲರು.